ಇದ್ವಾಲ್ ಅಳೆದ ಜೋಡಿಮನೆ

ನಮ್ಮ ಕ್ವಮ್‌ಗ್ಲಾಸ್ ಊರಿನಲ್ಲಿ ಇದ್ವಾಲ್ ಅನ್ನುವವರು ಇಬ್ಬರು. ಒಬ್ಬ ಕುರಿ ಇದ್ವಾಲ್, ಇನ್ನೊಬ್ಬ ಗಜಕೋಲು ಇದ್ವಾಲ್. ನಾನು ಹೇಳಹೊರಟಿರುವುದು ಗಜಕೋಲಿನವನ ವಿಷಯ. ಉದ್ದನೆಯ ಆಳು, ಕತ್ತು ಸ್ವಲ್ಪ ಹಿಂದಕ್ಕೆ ವಾಲಿದ್ದು. ನಡೆಯುವಾಗ ಅವನು ನೆಲ ನೋಡಿದ್ದನ್ನು ನಾನಂತೂ ಕಂಡಿಲ್ಲ. ಕಣ್ಣು ಯಾವಾಗಲೂ ಸೂರಿನಿಂದ ಮೇಲಕ್ಕೆ. ಮಾತಾಡಿಸಿದರೆ, ದೂರದಿಂದ ವಾಪಸು ಬಂದವನ ಹಾಗೆ ಒಂದು ಗಳಿಗೆ ಬಿಟ್ಟು ನಗುತ್ತಿದ್ದ.

ಅವನು ಮೊದಲು ಛಾವಣಿಗೆ ಸ್ಲೇಟುಕಲ್ಲಿನ ಹೆಂಚು ಹೊದಿಸುವ ಕೆಲಸದಲ್ಲಿದ್ದ. ದೊಡ್ಡಪ್ಪನ ಮಗ ಗ್ವಿಲಿಮ್‌ನ ತಂಡದಲ್ಲಿ ಅವನ ಕೈಯಷ್ಟು ಹಗುರಾದ ಕೈ ಇನ್ನೊಂದಿರಲಿಲ್ಲ. ನಲವತ್ತು ದಾಟಿದ ಮೇಲೆ ಒಂದು ವಸಂತದ ಬೆಳಿಗ್ಗೆ ಮೇಲ್ಕೇರಿಯ ಪ್ರಾರ್ಥನಾಮಂದಿರ, ಅಂದರೆ ಚಾಪೆಲ್‌ನ ಛಾವಣಿ ಮೇಲಿದ್ದನಂತೆ. ಕೆಳಗೆ ಕಣಿವೆ ತುಂಬಾ ಮಂಜು, ಮೇಲೆ ಬಿಸಿಲು. ಛಾವಣಿಯ ನೆತ್ತಿಯ ಮೇಲೆ ಕುದುರೆ ಹತ್ತಿದಂತೆ ಕಾಲು ಇಳಿಬಿಟ್ಟು ಕೂತು ಕೊನೆಯ ಹೆಂಚು ಕೂರಿಸುತ್ತಿದ್ದಾಗ ಮಂಜು ಮೆಲ್ಲಗೆ ತಿರುಗತೊಡಗಿತು. ಆಮೇಲೆ ಗುಡ್ಡ ತಿರುಗಿತು. ಆಮೇಲೆ ಚಾಪೆಲ್ಲೇ ಹಡಗಿನ ಹಾಗೆ ಒಂದು ಬದಿಗೆ ವಾಲಿತು. ಹಗ್ಗ ಕಟ್ಟಿ ಇಳಿಸುವ ತನಕ ಅವನು ಹೊಗೆಗೂಡನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ಕೂತಿದ್ದ.

"ನಾನು ಬೀಳಲಿಲ್ಲ ಎನಿಡ್, ಊರು ಬಿತ್ತು," ಅಂತ ನನಗೆ ಎಷ್ಟೋ ಸಲ ಹೇಳಿದ್ದಾನೆ. "ಆದರೆ ಒಂದು ಮಾತು. ಬೀಳೋವಾಗ ಎಷ್ಟು ಚೆನ್ನಾಗಿತ್ತು ಅಂತೀಯ!"

ಒಳಗಿವಿಯ ತೊಂದರೆ, ಇನ್ನು ಎತ್ತರ ಹತ್ತುವಂತಿಲ್ಲ ಅಂದರು ಡಾಕ್ಟರು. ಒಂದು ಚಳಿಗಾಲವಿಡೀ ಇದ್ವಾಲ್ ಕಿಟಕಿ ಪಕ್ಕ ಕೂತು ಎದುರು ಮನೆಗಳ ಛಾವಣಿ ನೋಡಿದ. ಕೊನೆಗೆ ಗ್ವಿಲಿಮ್ ಬಂದು ಅವನ ಕೈಗೊಂದು ಅಳತೆಕೋಲು ಕೊಟ್ಟ. "ಮೇಲೆ ಹತ್ತೋಕಾಗಲ್ಲ ಅಂದ್ರೆ ಕೆಳಗಿಂದ ಅಳಿ. ನೋಡೋಕೆ ಕಿವಿ ಬೇಕಾಗಿಲ್ಲವಲ್ಲೋ!" ಅಂದ. ಹೀಗೆ ಅವನು ಗಜಕೋಲು ಇದ್ವಾಲ್ ಆದ.

ನಾನು ಇದರಲ್ಲಿ ಸೇರಿದ್ದು ಟೈಪಿಂಗ್ ಮೂಲಕ. ಕಲ್ಲುಗಣಿಯ ಆಫೀಸು ಮುಚ್ಚಿದಾಗ ಹಳೇ ಟೈಪ್‌ರೈಟರನ್ನು ನನಗೇ ಕೊಟ್ಟು ಕಳಿಸಿದ್ದರು. ಇದ್ವಾಲನ ಅಕ್ಷರ ಕೋಳಿ ಕೆದಕಿದ ಹಾಗೆ. ಅಳತೆ ಮಾಡಿಕೊಂಡು ಬಂದು ನನ್ನ ಅಡುಗೆಮನೆಯಲ್ಲಿ ಕೂತು ಹೇಳುತ್ತಿದ್ದ, ನಾನು ಖರ್ಚಿನ ಅಂದಾಜು ಪಟ್ಟಿ ಟೈಪ್ ಹೊಡೆಯುತ್ತಿದ್ದೆ. ಪೂರ್ವ ಪಶ್ಚಿಮ ಅಂತ ಅವನ ಬಾಯಲ್ಲಿ ಬರುತ್ತಿರಲಿಲ್ಲ. "ಬೆಳಗಿನ ಬಿಸಿಲು ಬೀಳೋ ಕಡೆ, ಆರು ಚದರ. ಗಾಳಿಗೆ ಬೆನ್ನು ಕೊಟ್ಟ ಕಡೆ, ಆರು ಚದರ. ಪಾರಿವಾಳ ಕೂರೋ ಮೂಲೆಗೆ ಸೀಸದ ತಗಡು." ನಾನು ಹೇಳಿದಂತೆಯೇ ಹೊಡೆದುಬಿಡುತ್ತಿದ್ದೆ. ಗ್ವಿಲಿಮ್‌ಗೆ ಸಿಟ್ಟು. "ಇದೇನು ಅಂದಾಜು ಪಟ್ಟಿನೋ ಕೀರ್ತನೆನೋ?" ಅಂತ ಬೈಯುತ್ತಿದ್ದ. ಆದರೆ ಮನೆಯವರಿಗೆ ಅದು ಇಷ್ಟ. ತಮ್ಮ ಮನೆ ತಲೆಯ ಮೇಲೆ ಏನಿದೆ ಅಂತ ಅವರಿಗೆ ಅದರಿಂದಲೇ ಗೊತ್ತಾಗುತ್ತಿತ್ತು.

ಪಟ್ಟಿ ಕೊಟ್ಟು ಬಂದುಬಿಡುವವನಲ್ಲ ಅವನು. ಅರ್ಥವಾಗುವ ತನಕ ಕೂತು ಹೇಳಬೇಕು, ಚಹಾ ಆರಿದರೂ ಸರಿ. "ನೀವು ದುಡ್ಡು ಕೊಡೋದು ಕಾಣೋ ಕಲ್ಲಿಗಲ್ಲ," ಅನ್ನುತ್ತಿದ್ದ. "ಒಂದು ಸ್ಲೇಟಲ್ಲಿ ಅರ್ಧಕ್ಕಿಂತ ಕಮ್ಮಿ ಕಾಣುತ್ತೆ. ಮಿಕ್ಕಿದ್ದು ಮೇಲಿನ ಸಾಲಿನ ಕೆಳಗೆ ಮಲಗಿರುತ್ತೆ. ಕಾಣದೇ ಇರೋ ಆ ಭಾಗವೇ ನೀರು ತಡೆಯೋದು. ಯಾರಾದ್ರೂ ಬಂದು ಕಮ್ಮಿ ಕಲ್ಲಿಗೆ ಮುಗಿಸ್ತೀನಿ ಅಂದ್ರೆ, ಮಲಗೋ ಭಾಗವನ್ನ ಕದೀತಾನೆ ಅಂತ ಅರ್ಥ." ಹಾಗೆ ಹೇಳುವಾಗ ಎರಡು ಅಂಗೈಗಳನ್ನು ಒಂದರ ಮೇಲೊಂದು ಜಾರಿಸಿ ತೋರಿಸುತ್ತಿದ್ದ. ನನಗೆ ನಿದ್ದೆ ಬಂದಂತಾಗುತ್ತಿತ್ತು, ಬೇಸರದಿಂದಲ್ಲ.

ನನ್ನ ಮನೆಯ ಎದುರಿಗೆ ಒಂದು ಜೋಡಿಮನೆ ಇದೆ. ಒಂದೇ ನೆತ್ತಿ, ಒಂದೇ ಸೂರು, ನಡುವೆ ಒಂದೇ ಹೊಗೆಗೂಡು, ಬಾಗಿಲು ಮಾತ್ರ ಎರಡು. ಎಡಗಡೆ ಬಾಗಿಲು ಅಕ್ಕ ಕೈನ್ವೆನ್‌ಳದು, ಬಲಗಡೆಯದು ತಂಗಿ ಡಿಲಿಸ್‌ಳದು. ಕೈನ್ವೆನ್ ಶಾಲೆಯ ಅಡುಗೆಮನೆಯಲ್ಲಿ ಇಡೀ ಊರಿನ ಮಕ್ಕಳಿಗೆ ಬೇಯಿಸಿ ಹಾಕಿದವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಡಿಲಿಸ್ ಮದುವೆಯಾಗಿರಲಿಲ್ಲ, ಮನೆಯಲ್ಲೇ ಪರದೆ ಹೊಲಿಯುತ್ತಿದ್ದಳು. ತಾಯಿ ಸಾಯುವಾಗ ಇಬ್ಬರಿಗೂ ಒಂದೊಂದು ಮನೆ ಬರೆದಿಟ್ಟಿದ್ದಳು. ಅದರಲ್ಲಿ ಜಗಳವಿರಲಿಲ್ಲ. ಜಗಳವಾದದ್ದು ಹಾಡಿನ ಮೇಲೆ.

ಹೆಣ ಮಣ್ಣಿಗಿಡುವಾಗ ಯಾವ ಸ್ತೋತ್ರ ಹಾಡಬೇಕು ಅಂತ ತಾಯಿ ಹೇಳಿಟ್ಟಿದ್ದಳು. ಯಾವ ರಾಗದಲ್ಲಿ ಅಂತ ಅಕ್ಕನಿಗೆ ಒಂದು ಹೇಳಿದ್ದಳೋ, ತಂಗಿಗೆ ಇನ್ನೊಂದು ಹೇಳಿದ್ದಳೋ ದೇವರೇ ಬಲ್ಲ. ಸಮಾಧಿಯ ಬಳಿ ಕೈನ್ವೆನ್ ತಗ್ಗು ದನಿಯಲ್ಲಿ ಒಂದು ರಾಗ ಎತ್ತಿದಳು. ಅದೇ ಕ್ಷಣ ಡಿಲಿಸ್ ಮೇಲುದನಿಯಲ್ಲಿ ಇನ್ನೊಂದು ಎತ್ತಿದಳು. ಇಬ್ಬರೂ ಬಿಡಲಿಲ್ಲ. ಜನ ಅರ್ಧ ಅಲ್ಲಿ ಅರ್ಧ ಇಲ್ಲಿ ಸೇರಿಕೊಂಡು, ಪದ ಒಂದೇ ರಾಗ ಎರಡಾಗಿ, ಕೊನೆಗೆ ಪಾದ್ರಿ ಟೋಪಿಯಿಂದ ಮುಖ ಮುಚ್ಚಿಕೊಂಡರು. ಅಂದಿನಿಂದ ಮಾತು ನಿಂತಿತ್ತು. ಚಾಪೆಲ್‌ನ ಮೇಳದಲ್ಲಿ ಇಬ್ಬರೂ ಹಾಡುತ್ತಿದ್ದರು, ಸಾಲಿನ ಈ ತುದಿಗೊಬ್ಬಳು ಆ ತುದಿಗೊಬ್ಬಳು.

ಒಂದು ಮಳೆಗಾಲದ ಕೊನೆಯಲ್ಲಿ ಡಿಲಿಸ್‌ಳ ಮಲಗುವ ಕೋಣೆಯ ಮೂಲೆಯಲ್ಲಿ ನೀರು ತೊಟ್ಟಿಕ್ಕಿತು. ಇದ್ವಾಲ್ ಬಂದು ರಸ್ತೆಯಾಚೆಯಿಂದ ನೋಡಿದ, ಹಿತ್ತಲಿಗೆ ಹೋಗಿ ನೋಡಿದ, ಗೋಡೆಗೆ ಅಂಗೈ ಇಟ್ಟು ನೋಡಿದ. "ನೀರು ಬೀಳೋದು ನಿನ್ನ ಕೋಣೆಗೆ, ಬರೋದು ಪಕ್ಕದ ಮನೆಯಿಂದ ಡಿಲಿಸ್. ಹೊಗೆಗೂಡಿನ ಆ ಕಡೆ ಒಳಗಿಳಿದು, ರೀಪು ಹಿಡ್ಕೊಂಡು ನಡ್ಕೊಂಡು ಬಂದು ಇಲ್ಲಿ ಇಳೀತಿದೆ."

"ಗೊತ್ತಿತ್ತು ನನಗೆ," ಅಂದಳು ಡಿಲಿಸ್. "ಅವಳ ಕಡೆಯಿಂದ ಒಳ್ಳೇದು ಏನು ತಾನೆ ಬಂದಿದೆ?"

"ಮೊಳೆಯೆಲ್ಲ ತುಕ್ಕು ಹಿಡಿದಿದೆ. ಇದು ತೇಪೆ ಕೆಲಸ ಅಲ್ಲ, ಪೂರ್ತಿ ಬಿಚ್ಚಿ ಹೊದಿಸಬೇಕು. ಅಕ್ಕನಿಗೂ ಹೇಳಬೇಕಾಗುತ್ತೆ."

"ನೀನು ಹೇಳು. ನನಗ್ಯಾವ ಅಕ್ಕ?"

ಹೀಗೆ ಇಬ್ಬರಿಗೂ ಬೇರೆ ಬೇರೆ ಪಟ್ಟಿ ತಯಾರಾಯಿತು. ನಾನೇ ಟೈಪ್ ಮಾಡಿದೆ. ಡಿಲಿಸ್ ತನ್ನದನ್ನು ಮಡಚಿ ಇಟ್ಟುಕೊಂಡಳು. ಕೈನ್ವೆನ್ ಮಾತ್ರ ಮಾರನೆಯ ದಿನವೇ ಏಪ್ರನ್ ಬಿಚ್ಚದೆ ರಸ್ತೆ ದಾಟಿ ನನ್ನ ಮನೆಗೆ ಬಂದಳು. ಇದ್ವಾಲ್ ಅಲ್ಲೇ ಇದ್ದ, ಬೆಣ್ಣೆ ಸವರಿದ ಒಣದ್ರಾಕ್ಷಿ ಬ್ರೆಡ್ಡು ತಿನ್ನುತ್ತಾ.

"ಏನಯ್ಯಾ ಗಜಕೋಲು," ಅಂದಳು, "ನನ್ನ ಮನೆ ನಾನೇ ಅಳೆದೆ. ಹದಿನೆಂಟು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದ. ನೂರು ಚದರಡಿಗೆ ಒಂದು ಚದರದಂತೆ ನಾಲ್ಕೂವರೆ ಆಯ್ತು. ನೀನು ಆರು ಅಂತ ಬರೆದಿದ್ದೀಯ. ಮಿಕ್ಕಿದ ಒಂದೂವರೆ ಎಲ್ಲಿಂದ ಬಂತು? ಸ್ವರ್ಗದಿಂದ ಉದುರಿತಾ?"

ಇದ್ವಾಲ್ ಬ್ರೆಡ್ಡು ಕೆಳಗಿಟ್ಟ. "ಹೆಚ್ಚು ಕಮ್ಮಿ ಹಾಗೇನೇ."

"ಪೇಟೆಯಿಂದ ಬಂದಿದ್ದ ಒಬ್ಬ ಗುತ್ತಿಗೆದಾರ ಗೇಟಿನ ಹತ್ರ ನಿಂತೇ ನಾಲ್ಕೂವರೆ ಚದರಕ್ಕೆ ರೇಟು ಹೇಳಿ ಹೋದ. ನಿನ್ನದಕ್ಕಿಂತ ಎಷ್ಟೋ ಕಮ್ಮಿ. ನಾನು ಮಕ್ಕಳಿಗೆ ಗಂಜಿ ಬಡಿಸಿದವಳು, ಸೌಟಿನ ಲೆಕ್ಕ ನನಗೆ ಹೇಳಿಕೊಡಬೇಡ."

ಅವನು ಸುತ್ತ ನೋಡಿದ. ನನ್ನ ಕಿಟಕಿ ಹಲಗೆ ಮೇಲೆ ಸ್ತೋತ್ರದ ಪುಸ್ತಕವಿತ್ತು. ಅದನ್ನು ತೆಗೆದು, ನಡುವೆ ಬಿಡಿಸಿ, ಬೆನ್ನು ಮೇಲಾಗಿ ಮೇಜಿನ ಮೇಲೆ ಗುಡಾರದ ಹಾಗೆ ನಿಲ್ಲಿಸಿದ. "ಇದು ನಿನ್ನ ಛಾವಣಿ. ಕೆಳಗೆ ಮೇಜಿನ ಮೇಲೆ ಎಷ್ಟು ಜಾಗ ಹಿಡಿದಿದೆ ನೋಡು. ಅದು ನಿನ್ನ ನಾಲ್ಕೂವರೆ. ಈಗ ನೋಡು." ಪುಸ್ತಕವನ್ನು ಚಪ್ಪಟೆಯಾಗಿ ಒತ್ತಿದ. ರಟ್ಟುಗಳು ಎರಡೂ ಬದಿಗೆ ಹರಡಿಕೊಂಡವು. "ರಟ್ಟು ಅದೇ, ಒಂದು ಕೂದಲಷ್ಟೂ ಬೆಳೆದಿಲ್ಲ. ಸ್ಲೇಟು ಹೊದಿಸೋದು ರಟ್ಟಿಗೆ, ಮೇಜಿಗಲ್ಲ. ಅದರ ಮೇಲೆ ಸೂರು ಗೋಡೆಯಿಂದ ಹೊರಗೆ ಚಾಚಿರೋದನ್ನೂ ಸೇರಿಸು."

ಕೈನ್ವೆನ್ ಪುಸ್ತಕವನ್ನು ಮತ್ತೆ ಗುಡಾರ ಮಾಡಿದಳು, ಮತ್ತೆ ಚಪ್ಪಟೆ ಮಾಡಿದಳು. "ಹಾಗಾದ್ರೆ ಆ ಪೇಟೆಯವನು?"

"ಗೊತ್ತಿಲ್ಲ. ಆಮೇಲೆ ಕಲ್ಲು ಸಾಲಲಿಲ್ಲ ಅಂತ ಇನ್ನೊಂದು ಸಲ ಕೇಳಬಹುದು. ಇಲ್ಲ, ಒಂದರ ಮೇಲೊಂದು ಮಲಗೋ ಭಾಗ ಕಮ್ಮಿ ಮಾಡಬಹುದು. ನಾನು ಅವನ ತಲೆಯೊಳಗೆ ಹತ್ತಿ ನೋಡಿಲ್ಲ."

"ಮತ್ತೆ ಹೊಗೆಗೂಡು ಇರೋ ಜಾಗಕ್ಕೆ ಕಲ್ಲೇ ಇಲ್ಲವಲ್ಲ. ಅದನ್ನ ಯಾಕೆ ಕಳೆದಿಲ್ಲ?"

"ಅಲ್ಲಿ ಕಲ್ಲು ಕಮ್ಮಿ, ಕೊರೆಯೋ ಕೆಲಸ ಜಾಸ್ತಿ. ಅಂಗಿ ಹೊಲಿಯೋವಾಗ ಕತ್ತಿನ ತೂತಿಗೆ ಬಟ್ಟೆ ಕಳೀತಾರಾ?"

"ಅದನ್ನ ಹೊಲಿಗೆಯವಳನ್ನ ಕೇಳು," ಅಂದವಳು, ಹೊಲಿಗೆಯವಳು ಯಾರೆಂದು ನೆನಪಾಗಿ ಬಾಯಿ ಬಿಗಿ ಹಿಡಿದಳು. ಆಮೇಲೆ, "ಯಾವ ಕಲ್ಲು ಹಾಕ್ತೀಯ?" ಅಂತ ಕೇಳಿದಳು.

ನಮ್ಮಲ್ಲಿ ಸ್ಲೇಟಿನ ಅಳತೆಗೆ ಹಳೇ ಹೆಸರುಗಳಿವೆ, ಎಲ್ಲ ದೊಡ್ಡ ಮನೆತನದ ಹೆಂಗಸರ ಬಿರುದುಗಳು. ದೊಡ್ಡದು ಡಚೆಸ್, ಅದಕ್ಕಿಂತ ಸಣ್ಣದು ಕೌಂಟೆಸ್, ಇನ್ನೂ ಸಣ್ಣದು ಲೇಡಿ. ಸಣ್ಣದಾದಷ್ಟೂ ಹೆಚ್ಚು ಕಲ್ಲು, ಹೆಚ್ಚು ಮೊಳೆ, ಹೆಚ್ಚು ಕೂಲಿ.

"ಕೌಂಟೆಸ್," ಅಂದ ಇದ್ವಾಲ್. "ಈಗಿರೋದೂ ಅದೇ."

"ಪಕ್ಕದವಳಿಗೆ?"

"ಅವಳಿಗೂ ಕೌಂಟೆಸ್ಸೇ."

"ಖಾತ್ರಿ ತಾನೆ? ಅವಳಿಗೆ ಡಚೆಸ್ ಹೊದಿಸಿ ನನಗೆ ಲೇಡಿ ಹೊದಿಸಿಬಿಟ್ಟೀಯ. ಆಮೇಲೆ ಚಾಪೆಲ್‌ನಲ್ಲಿ ತಲೆ ಎತ್ತಿಕೊಂಡು ಓಡಾಡ್ತಾಳೆ."

ಇದ್ವಾಲ್ ನಕ್ಕುಬಿಟ್ಟ. ಕೈನ್ವೆನ್ ನಗಲಿಲ್ಲ, ಆದರೆ ಅವನು ನಗುವುದನ್ನು ಸ್ವಲ್ಪ ಹೊತ್ತು ನೋಡಿದಳು. "ಬಾ, ಅಟ್ಟಕ್ಕೆ ಹತ್ತಿ ತೋರಿಸು. ಕಣ್ಣಾರೆ ನೋಡದೆ ಒಂದು ಪೌಂಡೂ ಕೊಡಲ್ಲ. ಎನಿಡ್, ನೀನೂ ಬಾ, ಟೈಪ್ ಹೊಡೆದವಳು ನೀನೇ ತಾನೆ!"

ಕೈನ್ವೆನ್‌ಳ ಮನೆಯ ಮಹಡಿ ಮೊಗಸಾಲೆಯಲ್ಲಿ ಏಣಿ ಇಟ್ಟು ಅಟ್ಟದ ಮುಚ್ಚಳ ತೆರೆದೆವು. ಇದ್ವಾಲ್ ಮೊದಲು ಹತ್ತಿದ, ಮೆಟ್ಟಿಲು ನೋಡದೆ, ಕಣ್ಣು ಮುಚ್ಚಿಕೊಂಡು. ಮೇಲೆ ಹೋದವನು ಛಾವಣಿ ಹೊತ್ತ ಓರೆಮರಗಳಲ್ಲಿ ಒಂದು ಪಕಾಸಿಯನ್ನು ಹಿಡಿದು ನಿಂತ. ಅವನ ಹಿಂದೆ ಕೈನ್ವೆನ್, ಅವಳ ಹಿಂದೆ ನಾನು. ನನ್ನ ತಲೆ ಮಾತ್ರ ಮೇಲಕ್ಕೆ ಬಂತು, ಉಳಿದದ್ದು ಏಣಿ ಮೇಲೆ.

ನಡುಹಗಲು. ಆದರೆ ಒಳಗೆ ಸಂಜೆಯ ಹಾಗಿತ್ತು. ಜಾರಿದ ಸ್ಲೇಟುಗಳ ಸಂದಿಯಿಂದ, ಮೊಳೆ ಬಿದ್ದುಹೋದ ತೂತುಗಳಿಂದ ಬೆಳಕು ಚುಕ್ಕೆ ಚುಕ್ಕೆಯಾಗಿ ಒಳಗೆ ಬಂದು, ಧೂಳಿನಲ್ಲಿ ಸಣ್ಣ ಸಣ್ಣ ಕಂಬಗಳಾಗಿ ನಿಂತಿತ್ತು. ಹೊರಗೆ ಮೋಡ ಸರಿದಾಗ ಕಂಬಗಳು ಒಂದೊಂದಾಗಿ ಆರುತ್ತಿದ್ದವು, ಮತ್ತೆ ಹೊತ್ತಿಕೊಳ್ಳುತ್ತಿದ್ದವು. ತಾಯಿಯ ಕಾಲದಲ್ಲಿ ಚಳಿಗಾಲಕ್ಕೆಂದು ಸೇಬು ಹರಡುತ್ತಿದ್ದ ಹಲಗೆಗಳು ಹಾಗೇ ಇದ್ದವು. ಸೇಬು ಇಲ್ಲದಿದ್ದರೂ ಅದರ ವಾಸನೆ ಮರಕ್ಕೆ ಹಿಡಿದಿತ್ತು. ಕೈನ್ವೆನ್ ಮೂಗಿಗೆ ಕೈ ಇಟ್ಟುಕೊಂಡು ನಿಂತುಬಿಟ್ಟಳು.

"ಗೋಡೆ ಎಲ್ಲಿ?" ಅಂದಳು ಮೆಲ್ಲಗೆ.

ಗೋಡೆ ಇರಲಿಲ್ಲ. ಕೆಳಗಿನ ಎರಡು ಮಹಡಿಯಲ್ಲಿ ಎರಡು ಮನೆಗಳ ನಡುವೆ ದಪ್ಪ ಕಲ್ಲುಗೋಡೆ. ಅಟ್ಟಕ್ಕೆ ಬಂದರೆ ಹೊಗೆಗೂಡಿನ ಕಂಬವೊಂದು ಬಿಟ್ಟು ಏನೂ ಇಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದನೆಯ ನಸುಗತ್ತಲು.

"ಹಳೇ ಜೋಡಿಮನೆಗಳೆಲ್ಲ ಹೀಗೇ," ಅಂದ ಇದ್ವಾಲ್. "ಕಟ್ಟಿದವರು ಕಲ್ಲು ಉಳಿಸಿದ್ದಾರೆ."

"ಚಿಕ್ಕವರಿದ್ದಾಗ ಇಲ್ಲೇ ಆಡ್ತಿದ್ವಿ. ಆಮೇಲೆ ಅವಳು ಗೋಡೆ ಕಟ್ಟಿಸಿರ್ತಾಳೆ ಅಂದ್ಕೊಂಡಿದ್ದೆ..."

ಅಷ್ಟರಲ್ಲಿ ಆ ತುದಿಯಲ್ಲಿ ಕಿರ್ರೆಂದು ಸದ್ದು. ನೆಲದಿಂದ ಒಂದು ಚೌಕ ಬೆಳಕು ಎದ್ದಿತು, ಅದರೊಳಗಿಂದ ಹೊಲಿಗೆಯ ಕನ್ನಡಕ ಹಾಕಿಕೊಂಡ ಒಂದು ತಲೆ.

"ಯಾರದು ನನ್ನ ತಲೆ ಮೇಲೆ ಓಡಾಡ್ತಿರೋದು?" ಡಿಲಿಸ್. ಕೈಯಲ್ಲಿ ಕತ್ತರಿ ಬೇರೆ.

ಬೆಳಕಿನ ಕಂಬಗಳ ಈಚೆ ಅಕ್ಕ, ಆಚೆ ತಂಗಿ, ನಡುವೆ ಪಕಾಸಿ ಹಿಡಿದು ನಿಂತ ಇದ್ವಾಲ್. ಅವನೇ ಮೊದಲು ಚೇತರಿಸಿಕೊಂಡ. "ಒಳ್ಳೇದೇ ಆಯ್ತು ಡಿಲಿಸ್. ಅಳತೆ ಟೇಪಿನ ಆ ತುದಿ ಹಿಡ್ಕೋ. ನನಗೆ ಬಗ್ಗಿದ್ರೆ ತಲೆ ತಿರುಗುತ್ತೆ."

ಡಿಲಿಸ್ ಕತ್ತರಿ ಕೆಳಗಿಟ್ಟು ಮೇಲೆ ಬಂದಳು. ಇದ್ವಾಲ್ ಟೇಪಿನ ಒಂದು ತುದಿ ಅಕ್ಕನ ಕೈಗೆ ಕೊಟ್ಟು ಸೂರಿನ ಬದಿಗೆ ಕಳಿಸಿದ, ಇನ್ನೊಂದು ತಂಗಿಯ ಕೈಗೆ ಕೊಟ್ಟು ನೆತ್ತಿಯ ಕಡೆ ಎತ್ತಿ ಹಿಡಿಯಲು ಹೇಳಿದ. ಟೇಪು ಇಬ್ಬರ ನಡುವೆ ಓರೆಯಾಗಿ ಬಿಗಿಯಿತು.

"ಅವಳಿಗೆ ಹೇಳು, ಎಳೀಬೇಡ ಅಂತ," ಅಂದಳು ಕೈನ್ವೆನ್.

"ನಾನು ಎಳೀತಿಲ್ಲ, ಹಿಡ್ಕೊಂಡಿದ್ದೀನಿ ಅಂತ ಹೇಳು," ಅಂದಳು ಡಿಲಿಸ್.

"ಇಬ್ಬರಿಗೂ ಕೇಳಿಸ್ತು," ಅಂದ ಇದ್ವಾಲ್, ಅಂಕಿ ನೋಡುತ್ತಾ.

ಅಳೆದು ಮುಗಿದ ಮೇಲೆ ಕೈನ್ವೆನ್ ನಡುಭಾಗಕ್ಕೆ ಬಂದು ಮೇಲೆ ನೋಡಿದಳು. "ಸರಿ, ಆರೇ ಚದರ. ಒಪ್ಪಿದೆ. ಈಗ ನನ್ನ ಆರು ಎಲ್ಲಿ ಮುಗಿಯುತ್ತೆ, ಅದಕ್ಕೊಂದು ಗೆರೆ ಹಾಕು. ಅಲ್ಲಿಗೆ ನನ್ನ ದುಡ್ಡು ನಿಲ್ಲುತ್ತೆ."

"ಗೆರೆ ಹಾಕಬಹುದು," ಅಂದ ಅವನು. "ಆದರೆ ಕಲ್ಲು ಕೇಳಲ್ಲ." ಮೇಲಿನ ಸಾಲು ಕೆಳಗಿನ ಸಾಲಿನ ಸಂದಿ ಮುಚ್ಚುವಂತೆ ಕೂರುತ್ತೆ, ಆದ್ದರಿಂದ ನೆತ್ತಿಯಿಂದ ಸೂರಿನವರೆಗೆ ಎಲ್ಲಿ ನೇರ ಗೆರೆ ಎಳೆದರೂ ಒಂದು ಬಿಟ್ಟು ಒಂದು ಸಾಲಿನಲ್ಲಿ ಕಲ್ಲು ಗೆರೆಯ ಎರಡೂ ಕಡೆ ಇರುತ್ತೆ ಅಂತ ಅವನು ಬೆರಳಿಂದ ತೋರಿಸಿದ. "ಗೆರೆಗೆ ಸರಿಯಾಗಿ ಕತ್ತರಿಸಿದ್ರೆ ಅಲ್ಲೇ ನೀರು ಇಳಿಯುತ್ತೆ. ಇಷ್ಟು ಕಲ್ಲು ಇಬ್ಬರದೂ."

ಡಿಲಿಸ್ ಕನ್ನಡಕ ಹಣೆಗೇರಿಸಿ ನೋಡಿದಳು. "ಆ ಕಲ್ಲಿನ ದುಡ್ಡು ಯಾರ ಪಟ್ಟಿಯಲ್ಲಿದೆ?"

"ಇಬ್ಬರ ಪಟ್ಟಿಯಲ್ಲೂ ಇದೆ."

"ಮತ್ತೆ ಸಾರುವೆ? ನನ್ನ ಪಟ್ಟಿಯಲ್ಲಿ ಕೆಲಸದವರು ಹತ್ತಿ ನಿಲ್ಲೋ ಸಾರುವೆ ಕಟ್ಟೋಕೆ ಅಂತ ದೊಡ್ಡ ಮೊತ್ತ ಇದೆಯಲ್ಲ."

"ನನ್ನದರಲ್ಲೂ ಇದೆ!" ಅಂದಳು ಕೈನ್ವೆನ್. ತಂಗಿಗೆ ನೇರವಾಗಿ ಅಂದಳು ಅನ್ನುವುದು ಅವಳಿಗೂ ಗೊತ್ತಾಗಲಿಲ್ಲ.

"ನಿನಗೆಷ್ಟು ಹಾಕಿದ್ದಾನೆ?"

"ನಿನಗೆಷ್ಟೋ ಅಷ್ಟೇ ಇರಬೇಕು."

ಇಬ್ಬರೂ ಒಟ್ಟಿಗೆ ಇದ್ವಾಲನ ಕಡೆ ತಿರುಗಿದರು. "ಒಂದೇ ಮನೆ ಮುಂದೆ ನಿಲ್ಲಿಸೋ ಸಾರುವೆಗೆ ಎರಡು ಸಲ ದುಡ್ಡಾ?" ಅಂದಳು ಅಕ್ಕ. "ಗಜಕೋಲಿಗೆ ಎರಡೂ ಕಡೆ ಬಾಯಿ ಇದೆ," ಅಂದಳು ತಂಗಿ, "ನೋಡೋಕೆ ಪಾಪದವನ ಹಾಗಿದ್ದಾನೆ!" "ನನ್ನ ಹತ್ರ ಪುಸ್ತಕ ಬಿಡಿಸಿ ಪಾಠ ಹೇಳಿದ ಕಣೇ!" ಅಂದಳು ಅಕ್ಕ.

ಅವನು ಪಕಾಸಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. "ಬೇರೆ ಬೇರೆ ಪಟ್ಟಿ ಬೇಕು ಅಂದಿದ್ದು ನೀವು. ಒಬ್ಬಳು ಈ ವರ್ಷ ಮಾಡಿಸಿ ಇನ್ನೊಬ್ಬಳು ಮುಂದಿನ ವರ್ಷ ಮಾಡಿಸಿದ್ರೆ ಎರಡು ಸಲ ಕಟ್ಟಬೇಕು. ಒಟ್ಟಿಗೆ ಮಾಡಿಸಿದ್ರೆ ಒಂದೇ ಸಲ. ಗಾಡಿ ಬಾಡಿಗೆ ಒಂದು, ಹಳೇ ಕಲ್ಲು ಸಾಗಿಸೋದು ಒಂದು."

ಕೈನ್ವೆನ್ ಸೇಬಿನ ಹಲಗೆಯನ್ನು ಏಪ್ರನ್ನಿನಿಂದ ಒರೆಸಿ ಕೂತಳು. ಅದೇ ಹಲಗೆಯ ಆ ತುದಿಯಲ್ಲಿ ಡಿಲಿಸ್ ಕೂತಳು. "ಎನಿಡ್, ಒಂದೇ ಪಟ್ಟಿ ಹೊಡಿ," ಅಂದಳು ಕೈನ್ವೆನ್. "ಹೆಸರು ಎರಡು."

"ಯಾರದು ಮೊದಲು?" ಅಂದಳು ಡಿಲಿಸ್.

ನಾನು ಕೆಳಗಿಳಿದುಬಿಟ್ಟೆ. ಅದು ಇತ್ಯರ್ಥವಾಗಲು ಹೊತ್ತಾಗುತ್ತೆ ಅಂತ ನನಗೆ ಗೊತ್ತಿತ್ತು.

ಹೊಸ ಪಟ್ಟಿಯನ್ನು ಇದ್ವಾಲ್ ಬಹಳ ನಿಧಾನವಾಗಿ ಹೇಳಿ ಬರೆಸಿದ. ಎರಡು ಪಟ್ಟಿಗಳ ಮೊತ್ತ ಕೂಡಿದರೆ ಆಗುತ್ತಿದ್ದುದಕ್ಕಿಂತ ಚೆನ್ನಾಗಿಯೇ ಕಮ್ಮಿ ಬಂತು. ಬಿಚ್ಚಿದ ಮೇಲೆ ಮರ ಕೊಳೆತಿದ್ದರೆ ಅಂತ ಒಂದು ಮೊತ್ತ ಬೇರೆಯಾಗಿ ತೋರಿಸಿ, "ಬಳಸದಿದ್ದರೆ ವಾಪಸು" ಅಂತ ಸೇರಿಸಿದ. ಕೊನೆಯಲ್ಲಿ ಗ್ವಿಲಿಮ್ ಹೇಳಿದ್ದಾನೆ ಅಂತ ಇನ್ನೊಂದು ಸಾಲು: ಅಟ್ಟದಲ್ಲಿ ಎರಡು ಮನೆಗಳ ನಡುವೆ ಗಾರೆಹಲಗೆಯ ತೆಳು ಗೋಡೆ, ಬೇಕಿದ್ದರೆ ಮಾತ್ರ. ಅದನ್ನು ಹೇಳುವಾಗ ಅವನು ಕಿಟಕಿಯಾಚೆ ನೋಡುತ್ತಿದ್ದ. "ಇರಲಿ, ಹೊಡಿ. ಮುಚ್ಚಿಡಬಾರದು," ಅಂದ.

ಪಟ್ಟಿ ಓದಲು ಇಬ್ಬರೂ ನನ್ನ ಅಡುಗೆಮನೆಗೇ ಬಂದರು, ಯಾರ ಮನೆಗೂ ಹೋಗುವಂತಿರಲಿಲ್ಲವಲ್ಲ. ಡಿಲಿಸ್ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಕೈನ್ವೆನ್ ತಲೆಯಾಡಿಸುತ್ತಾ ಹೋದಳು. ಸ್ಲೇಟಿಗೆ ತಕರಾರಿಲ್ಲ, ಸೀಸಕ್ಕಿಲ್ಲ, ಸಾರುವೆಗಿಲ್ಲ. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

"ಇದೇನಿದು ಗೋಡೆ?" ಅಂದಳು ಡಿಲಿಸ್.

"ಬೆಂಕಿ ಗಿಂಕಿ ಬಿದ್ರೆ ಒಂದರಿಂದ ಒಂದಕ್ಕೆ ಹಬ್ಬಬಾರದು ಅಂತ," ಅಂದ ಇದ್ವಾಲ್. "ನಿಮಗೆ ಬಿಟ್ಟಿದ್ದು."

ಕೈನ್ವೆನ್ ಕಾಗದವನ್ನು ತನ್ನ ಕಡೆ ಎಳೆದುಕೊಂಡು ಆ ಅಂಕಿಯನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. "ಬಹಳ ಆಯ್ತಪ್ಪ ಇದು," ಅಂದಳು.

"ಅಬ್ಬಾ, ಬಹಳ ದುಬಾರಿ," ಅಂದಳು ಡಿಲಿಸ್ ತಕ್ಷಣ.

"ನಾವೇನು ಅರಮನೆ ಕಟ್ಟಿಸ್ತಿದ್ದೀವಾ? ಹೊಡೆದು ಹಾಕು."

"ಹೂಂ, ಹೊಡೆದು ಹಾಕು. ಬೆಂಕಿ ಬಿದ್ರೆ ಕಿರುಚಿದ್ರಾಯ್ತು, ಕೇಳಿಸುತ್ತೆ."

ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ಸಾಲು ಅದು. ಮೊಳೆಯ ಖರ್ಚು ಕೂಡ ಅದಕ್ಕಿಂತ ಹೆಚ್ಚಿತ್ತು. ಟೈಪ್ ಹೊಡೆದವಳು ನಾನು, ನನಗೆ ಗೊತ್ತಿಲ್ಲವೇ? ಇದ್ವಾಲನಿಗೂ ಗೊತ್ತಿತ್ತು. ಅವನು ಪೆನ್ನು ತೆಗೆದು ಆ ಸಾಲಿನ ಮೇಲೆ ಅಡ್ಡಗೆರೆ ಎಳೆದ. ಅಷ್ಟು ನೇರವಾದ ಗೆರೆಯನ್ನು ಅವನು ಹಿಂದೆಂದೂ ಎಳೆದಿರಲಿಲ್ಲ.

ಬೇಸಗೆಯಲ್ಲಿ ಕೆಲಸ ಶುರುವಾಯಿತು. ಕಲ್ಲು ಬಿಚ್ಚಿದ ಮೇಲೆ ಜೋಡಿಮನೆ ಪಕ್ಕೆಲುಬು ತೋರಿಸಿಕೊಂಡು ಆಕಾಶಕ್ಕೆ ತೆರೆದುಕೊಂಡಿತು. ಪಕಾಸಿಗಳ ನಡುವೆ ಹಕ್ಕಿಗಳು ಬಂದು ಹೋದವು. ಅಟ್ಟದಲ್ಲಿ ಬಿಸಿಲು ಮೊದಲ ಸಲ ನೆಲ ಮುಟ್ಟಿತು. ಆ ದಿನಗಳಲ್ಲಿ ಊರು ಒಂಥರಾ ಹಗುರಾಗಿತ್ತು ಅಂತ ನನಗನ್ನಿಸುತ್ತೆ. ಹೊಗೆಗೂಡಿನ ಬಳಿ ಎರಡು ಪಕಾಸಿ ಕೊಳೆತಿದ್ದವು. ಬೇರೆಯಾಗಿ ತೋರಿಸಿದ ಮೊತ್ತದಲ್ಲಿ ಸ್ವಲ್ಪ ಅದಕ್ಕೆ ಹೋಗಿ, ಮಿಕ್ಕಿದ್ದು ವಾಪಸು ಬಂತು. ಇದ್ವಾಲ್ ದಿನವೂ ಬರುತ್ತಿದ್ದ. ಒಂದು ಸಲ ಅಳೆದದ್ದನ್ನು ಮತ್ತೆ ಅಳೆಯಬೇಕು ಅನ್ನುತ್ತಿದ್ದ. ಟೇಪಿನ ತುದಿ ಹಿಡಿಯಲು ಕೈನ್ವೆನ್ ಬೇಕು ಅನ್ನುತ್ತಿದ್ದ.

"ಗೋಡೆಯ ಉದ್ದ ನಿನ್ನೆಗಿಂತ ಇವತ್ತು ಬೆಳೆದಿದೆಯಾ?" ಅಂತ ಅವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಬಿಸಿಲಿಗೆ ಸ್ವಲ್ಪ ಹಿಗ್ಗಿರಬಹುದು."

"ಹಿಗ್ಗಿರೋದು ಗೋಡೆಯಲ್ಲ ಬಿಡು," ಅನ್ನುತ್ತಾ ಅವಳು ಟೇಪು ಹಿಡಿಯುತ್ತಿದ್ದಳು.

ಕೆಲಸ ಮುಗಿಯುವ ದಿನ ಗ್ವಿಲಿಮ್ ಬೇರೆ ಊರಿಗೆ ಹೋಗಿದ್ದ. ಹೊಗೆಗೂಡಿನ ಬುಡದ ಸೀಸ ಸರಿಯಾಗಿ ಕೂತಿದೆಯಾ ಅಂತ ಯಾರಾದರೂ ಅನುಭವಿ ನೋಡಬೇಕಿತ್ತು. ಇದ್ವಾಲ್ ಸಾರುವೆಯ ಕೆಳಗೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಹತ್ತತೊಡಗಿದ. ನಾನು ಕಿಟಕಿಯಿಂದ ನೋಡಿ ಕೂಗಬೇಕು ಅನ್ನುವಷ್ಟರಲ್ಲಿ ಕೈನ್ವೆನ್ ಅವನ ಹಿಂದೆಯೇ ಹತ್ತುತ್ತಿದ್ದಳು, ಒಂದು ಕೈಯಲ್ಲಿ ಅವನ ಬೆಲ್ಟು ಹಿಡಿದು, ಗಂಜಿ ಹಂಡೆ ಎತ್ತಿ ಇಳಿಸಿದ ತೋಳಲ್ಲವೇ ಅದು.

ಮೇಲಿನ ಹಲಗೆಗೆ ಹೋಗಿ ಸೀಸವನ್ನು ಹೆಬ್ಬೆರಳಿಂದ ಸವರಿ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು ಇಳಿಜಾರಿಗೆ ಬೆನ್ನು ಕೊಟ್ಟು ಕೂತುಬಿಟ್ಟ. ಕೈನ್ವೆನ್ ಪಕ್ಕದಲ್ಲಿ ಕೂತಳು. ಅವರು ಏನು ಮಾತಾಡಿಕೊಂಡರು ಅಂತ ಆಮೇಲೆ ಅವಳೇ ನನಗೆ ಹೇಳಿದಳು.

"ತಿರುಗ್ತಿದೆಯಾ?"

"ತಿರುಗ್ತಿದೆ. ಗುಡ್ಡ, ನದಿ, ಚಾಪೆಲ್, ಎಲ್ಲ."

"ನಾನು?"

ಅವನು ಕಣ್ಣು ತೆರೆದು ಬಹಳ ಎಚ್ಚರದಿಂದ ಅವಳ ಕಡೆ ನೋಡಿದನಂತೆ. "ನೀನು ನಿಂತಿದ್ದೀಯ."

"ಹಾಗಾದ್ರೆ ನನ್ನನ್ನೇ ನೋಡು. ಉಳಿದದ್ದು ತಿರುಗಿಕೊಳ್ಳಲಿ."

ಅಂಗೈಗಳನ್ನು ಎರಡೂ ಬದಿಯ ಸ್ಲೇಟಿನ ಮೇಲೆ ಒತ್ತಿಕೊಂಡು ಅವನು ಹಾಗೇ ಕೂತಿದ್ದ. ಕಲ್ಲು ಬಿಸಿಲಿಗೆ ಬೆಚ್ಚಗಾಗಿತ್ತು. ಕಣಿವೆ ಸಾಕಷ್ಟು ಸಲ ಸುತ್ತಿ ದಣಿದು ತನ್ನಷ್ಟಕ್ಕೆ ನಿಂತಿತಂತೆ. ಅವನಿಗೆ ಗುಣವಾಯಿತು ಅಂತಲ್ಲ. ಆಮೇಲೆ ಇನ್ನೊಂದು ಸಲ ಅವನು ಯಾವ ಸಾರುವೆಯನ್ನೂ ಹತ್ತಿಲ್ಲ. ಆದರೆ ಕೆಳಗಿಳಿದಾಗ ಅವನ ಮುಖದಲ್ಲಿ ಇದ್ದ ಹಿಗ್ಗನ್ನು ನಾನು ನೋಡಿದ್ದೇನೆ.

ಅವರಿಬ್ಬರ ಮದುವೆಯ ಮಾತು ಬಂದದ್ದು ಚಳಿಗಾಲದಲ್ಲಿ. ಕೈನ್ವೆನ್ ಅವನ ಮನೆಗೆ ಹೋಗಿ ಒಂದು ಸುತ್ತು ಬಂದಳು. ಮೂರು ಕೋಣೆಯಲ್ಲೂ ಬಕೆಟ್ಟು ಇಟ್ಟಿದ್ದ. "ಊರಿಗೆಲ್ಲ ಛಾವಣಿ ಅಳೆದುಕೊಟ್ಟು ತಾನು ಕೊಡೆ ಕೆಳಗೆ ಮಲಗ್ತಾನೆ ಈ ಮಹಾಶಯ," ಅಂತ ಬೈದು, ಅವನ ಬಟ್ಟೆಗಂಟು ತಾನೇ ಹೊತ್ತು ತಂದಳು. ಚಾಪೆಲ್‌ನಲ್ಲಿ ಮದುವೆಯಾಯಿತು. ಡಿಲಿಸ್ ಅಕ್ಕನಿಗೆ ಬೂದುನೀಲಿ ಬಟ್ಟೆ ಹೊಲಿದುಕೊಟ್ಟಳು. ಹಾಡು ಯಾವ ರಾಗದಲ್ಲಿ ಅಂತ ಮಾತ್ರ ಮತ್ತೆ ಜಗಳವಾಗಿ, ಕೊನೆಗೆ ಹಾಡೇ ಇಲ್ಲದೆ ಮದುವೆ ನಡೆಯಿತು. ಇಡೀ ಕಣಿವೆಯಲ್ಲಿ ಹಾಡಿಲ್ಲದ ಮದುವೆ ಅದೊಂದೇ ಇರಬೇಕು.

ಈಗ ಚಳಿಗಾಲದಲ್ಲಿ ಅಟ್ಟದ ಈ ತುದಿಯಿಂದ ಆ ತುದಿಗೆ ಹಗ್ಗ ಕಟ್ಟಿ ಎರಡೂ ಮನೆಯ ಬಟ್ಟೆ ಒಣಹಾಕುತ್ತಾರೆ. ಡಿಲಿಸ್‌ಳ ಸೊಂಟದ ಮೂಳೆಗೆ ಆಪರೇಷನ್ ಆಗಿದ್ದಾಗ ರಸ್ತೆಯಲ್ಲಿ ಹಿಮ ಗಟ್ಟಿಯಾಗಿತ್ತು. ಕೈನ್ವೆನ್ ಊಟದ ಬುಟ್ಟಿ ಹಿಡಿದು ಅಟ್ಟದ ಮೂಲಕವೇ ಹೋಗಿ ಬರುತ್ತಿದ್ದಳು. ಬೇಸಗೆಯಲ್ಲಿ ಮಳೆ ನಿಂತ ಕೂಡಲೇ ಮೂವರೂ ರಸ್ತೆ ದಾಟಿ ಬಂದು ನನ್ನ ಮನೆಯ ಮುಂದಿನ ಮೋಟುಗೋಡೆಯ ಮೇಲೆ ಕೂರುತ್ತಾರೆ, ಛಾವಣಿ ಒಣಗುವುದನ್ನು ನೋಡಲು. ಒದ್ದೆ ಕಲ್ಲು ಮೊದಲು ಕಪ್ಪಗಿರುತ್ತೆ, ಆಮೇಲೆ ನೀಲಿಯಾಗುತ್ತೆ, ನೆತ್ತಿಯಿಂದ ಕೆಳಗೆ ನಿಧಾನವಾಗಿ ಬೂದಿಬಣ್ಣ ಇಳಿಯುತ್ತೆ, ಯಾರೋ ಹೊದಿಕೆ ಎಳೆದ ಹಾಗೆ. ನಾನು ಚಹಾ ತಂದುಕೊಟ್ಟು ನಿಲ್ಲುತ್ತೇನೆ.

"ಇವತ್ತು ಬೇಗ ಒಣಗ್ತು," ಅಂದಳು ನಿನ್ನೆ ಡಿಲಿಸ್.

"ಗಾಳಿ ಇದೆಯಲ್ಲ," ಅಂದಳು ಕೈನ್ವೆನ್, ಮೆಲ್ಲಗೆ. ಇದ್ವಾಲ್ ಅವಳ ಭುಜಕ್ಕೆ ತಲೆ ಆನಿಸಿ ಆಗಲೇ ನಿದ್ದೆ ಹೋಗಿದ್ದ.